ಮಾತಾಡದ ಮನುಷ್ಯ, ಮಾತಾಡುವ ಕೊರವಂಜಿ: ಗಡಿಯಿಂದ ಕಂಡ ಆರ್.ಕೆ. ಲಕ್ಷ್ಮಣ್

ಆರ್.ಕೆ. ಲಕ್ಷ್ಮಣ್ ಅವರ 'ಸಾಮಾನ್ಯ ಮನುಷ್ಯ' ಸುಮಾರು ಐವತ್ತು ವರ್ಷ ಇಂಗ್ಲಿಷ್ ಪತ್ರಿಕೆಯ ಮುಖಪುಟದಲ್ಲಿ ನಿಂತಿದ್ದ. ಅಷ್ಟು ಕಾಲದಲ್ಲಿ ಅವನು ಬಾಯಿಬಿಟ್ಟು ಒಂದು ಮಾತನ್ನೂ ಆಡಲಿಲ್ಲ. ಮಂತ್ರಿಗಳು ಮಾತಾಡಿದರು, ಅಧಿಕಾರಿಗಳು ಮಾತಾಡಿದರು, ಅವನ ಹೆಂಡತಿಯೂ ಮಾತಾಡಿದಳು. ಅವನು ಮಾತ್ರ ಪಂಚೆ ಉಟ್ಟು, ಚೌಕಳಿ ಕೋಟು ತೊಟ್ಟು, ಕನ್ನಡಕದೊಳಗಿನಿಂದ ನೋಡುತ್ತ ನಿಂತ. ಈ ಮೌನವನ್ನು ಮೆಚ್ಚಿದವರು ಬಹಳ ಜನ. ಅದು ಸಹನೆಯ ಮೌನ, ಸಾಕ್ಷಿಯ ಮೌನ, ಎಲ್ಲ ಭಾಷೆಗಳನ್ನೂ ದಾಟಿದ ಮೌನ ಎಂದು ಬರೆದಿದ್ದಾರೆ. ಈ ಮೆಚ್ಚುಗೆಯಲ್ಲಿ ಸತ್ಯವಿದೆ. ಆದರೆ ಗಡಿಯಲ್ಲಿ ಕುಳಿತು ನೋಡುವ ಕನ್ನಡಿಗನಿಗೆ ಅದರ ಜೊತೆಗೇ ಒಂದು ಪ್ರಶ್ನೆ ಏಳುತ್ತದೆ. ಈ ಮನುಷ್ಯ ಬಾಯಿ ತೆರೆದಿದ್ದರೆ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದ? ಆ ಪ್ರಶ್ನೆಗೆ ಉತ್ತರ ಕೊಡಬೇಕಾಗದ ಹಾಗೆ ಅವನನ್ನು ಮೂಕನನ್ನಾಗಿ ಮಾಡಲಾಯಿತೇ? ಅದನ್ನು ಸ್ವಲ್ಪ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ.

ನಾನು ಬರೆಯುತ್ತಿರುವುದು ನಾರ್ವದಿಂದ. ಕಾಸರಗೋಡಿನ ಓದುಗರಿಗೆ ಈ ಊರಿನ ಹೆಸರು ಹೊಸತಿರಬಹುದು. ಇದು ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ ಒಂದು ಮಂಡಲದ ಕೇಂದ್ರ. ಮಖ್ತಲ್ ಒಂದು ಕಡೆ, ಗದ್ವಾಲ ಇನ್ನೊಂದು ಕಡೆ. ಕೃಷ್ಣಾ ಸ್ಟೇಷನ್ ಬಿಟ್ಟು ರೈಲು ಹೊಳೆ ದಾಟಿತೆಂದರೆ ರಾಯಚೂರು ಸೀಮೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಕಳಚಿ ಆಂಧ್ರಪ್ರದೇಶಕ್ಕೆ ಕೊಟ್ಟರು. ಮಹಬೂಬನಗರ ಜಿಲ್ಲೆಯ ಈ ಭಾಗವೂ ಆಂಧ್ರದಲ್ಲೇ ಉಳಿಯಿತು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 2014ರಲ್ಲಿ ನಮ್ಮ ರಾಜ್ಯದ ಹೆಸರು ಮತ್ತೊಮ್ಮೆ ಬದಲಾಯಿತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ. ನಿಮ್ಮಲ್ಲಿ ಮಲಯಾಳ, ತುಳು, ಕೊಂಕಣಿಗಳ ನಡುವೆ ಕನ್ನಡ ಬದುಕುತ್ತಿರುವ ಹಾಗೆ ನಮ್ಮಲ್ಲಿ ತೆಲುಗು, ಉರ್ದುಗಳ ನಡುವೆ ಬದುಕುತ್ತಿದೆ. ಆದ್ದರಿಂದ ನನ್ನ ಪ್ರಶ್ನೆ ನಿಮ್ಮ ಪ್ರಶ್ನೆಯೂ ಹೌದು ಎಂಬ ನಂಬಿಕೆಯಿಂದ ಮುಂದುವರಿಯುತ್ತೇನೆ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಹೆಡ್‌ಮಾಸ್ತರರಾಗಿದ್ದವರು. ಮನೆಯ ಮಾತು ತಮಿಳು, ಊರಿನ ಮಾತು ಕನ್ನಡ, ಓದಿನ ಮಾತು ಇಂಗ್ಲಿಷ್. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರಿಗೆ ಅಣ್ಣ. ಮನೆಯ ಕೊನೆಯ ಮಗನಾದ ಈ ಹುಡುಗ ಗೋಡೆ, ನೆಲ, ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಗೀಚುತ್ತಿದ್ದ. ಶಾಲೆಯಲ್ಲಿ ಅರಳಿ ಎಲೆಯ ಚಿತ್ರ ಬರೆದಾಗ ಮೇಷ್ಟ್ರು ಹೊಗಳಿದ್ದು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದಿತ್ತು. ಪತ್ರಿಕೆಯಲ್ಲಿ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳನ್ನು ಅವರು ಎಳೆಯ ವಯಸ್ಸಿನಲ್ಲೇ ಕಣ್ಣಲ್ಲಿ ತುಂಬಿಕೊಂಡರು. ಸಹಿಯನ್ನು 'ಲೋ' ಎಂದು ಓದಲಾರದೆ ಬಹುಕಾಲ 'ಕೌ' ಎಂದೇ ಓದುತ್ತಿದ್ದರಂತೆ. ಅಕ್ಷರ ತಪ್ಪಿತು, ಗೆರೆ ತಪ್ಪಲಿಲ್ಲ. ಮುಂದೆ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಪ್ರವೇಶಕ್ಕೆ ಬೇಕಾದಷ್ಟು ಪ್ರತಿಭೆ ಕಾಣುವುದಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತಲೇ ಅಣ್ಣನ ಕಥೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು.

ಇದೇ ಕಾಲದಲ್ಲಿ ಕನ್ನಡಕ್ಕೆ ಒಂದು ಹಾಸ್ಯ ಪತ್ರಿಕೆ ಬಂದಿತು. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿದರು. 1967ರವರೆಗೆ ಅದು ನಡೆಯಿತು. ಕಾಲೇಜು ಹುಡುಗ ಲಕ್ಷ್ಮಣ್ ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟರು. ಅವರ ಜೀವನ ಚರಿತ್ರೆ ಹೇಳುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಅಷ್ಟು ಸಣ್ಣದೆನಿಸುವುದಿಲ್ಲ. ಕೊರವಂಜಿ ಎಂದರೆ ಯಾರು? ಬುಟ್ಟಿ ಹೊತ್ತು ಊರೂರು ಸುತ್ತಿ, ಕೈ ನೋಡಿ ಕಣಿ ಹೇಳುವ ಹೆಂಗಸು. ನಮ್ಮ ಕಡೆ ತೆಲುಗಿನವರು ಅವಳನ್ನು ಎರುಕಲಸಾನಿ ಎನ್ನುತ್ತಾರೆ, ನಿಮ್ಮ ಕಡೆ ಮಲಯಾಳದಲ್ಲಿ ಕುರತ್ತಿ. ತಮಿಳಿನಲ್ಲಿ ಕುರವಂಜಿ ಎಂಬ ನಾಟಕ ಪ್ರಕಾರವೇ ಇದೆ. ಅವಳು ಯಾವ ಸೀಮೆಗೆ ಹೋದರೂ ಅಲ್ಲಿಯ ಮಾತನ್ನು ಕಲಿತು, ಅದರಲ್ಲಿ ತನ್ನ ಮಾತನ್ನೂ ಬೆರೆಸಿ, ದೊಡ್ಡವರ ಮನೆಯ ಪಡಸಾಲೆಯಲ್ಲೇ ಕುಳಿತು ಅವರ ಹಣೆಬರಹವನ್ನು ಮುಖದ ಮೇಲೆ ಹೇಳುವವಳು. ಲಕ್ಷ್ಮಣ್ ತಮ್ಮ ವೃತ್ತಿಯನ್ನು ಆರಂಭಿಸಿದ್ದು ಇಂಥ ಬಾಯಾಳಿಯ ಹೆಸರಿನ ಪತ್ರಿಕೆಯೊಂದರ ಸಹವಾಸದಲ್ಲಿ. ಕೊನೆಗೆ ಪ್ರಸಿದ್ಧರಾದದ್ದು ಬಾಯೇ ಇಲ್ಲದ ಒಬ್ಬ ಮನುಷ್ಯನಿಂದ. ಈ ಎರಡು ತುದಿಗಳ ನಡುವೆ ಏನು ನಡೆಯಿತು ಎಂಬುದೇ ನೋಡಬೇಕಾದದ್ದು.

ಅವರು ಬೊಂಬಾಯಿಗೆ ಹೋದರು. 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಾಳ ಠಾಕ್ರೆ ಅವರ ಸಹೋದ್ಯೋಗಿ. 1947ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. 1951ರಲ್ಲಿ ಮುಖಪುಟದ ಪುಟ್ಟ ಚೌಕದಲ್ಲಿ 'ಯೂ ಸೆಡ್ ಇಟ್' ಆರಂಭವಾಯಿತು. 'ನೀವೇ ಹೇಳಿದಿರಿ' ಎಂಬ ಅರ್ಥದ ಈ ಅಂಕಣದಲ್ಲಿ ಏನನ್ನೂ ಹೇಳದವನೇ ನಾಯಕ ಎಂಬುದನ್ನು ಗಮನಿಸಬೇಕು. ಆ ನಾಯಕ ಹುಟ್ಟಿದ ಬಗೆಯನ್ನು ಲಕ್ಷ್ಮಣ್ ಅವರೇ ಹಲವು ಸಲ ವಿವರಿಸಿದ್ದಾರೆ. ಮೊದಮೊದಲು ದೇಶದ ಜನರನ್ನು ತೋರಿಸಬೇಕಾದಾಗ ಅವರು ಬಂಗಾಳಿ, ಪಂಜಾಬಿ, ತಮಿಳ ಎಂದು ಬೇರೆ ಬೇರೆ ಸೀಮೆಯವರನ್ನೆಲ್ಲ ವೇಷಭೂಷಣ ಸಮೇತ ಒಂದೇ ಚಿತ್ರದಲ್ಲಿ ತುಂಬುತ್ತಿದ್ದರಂತೆ. ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತು ಕಾಯುವುದಿಲ್ಲ. ಅವಸರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತ ಬಂದರು. ಕೊನೆಗೆ ಒಬ್ಬ ಉಳಿದ. ಉಳಿದವನು ಸಾಮಾನ್ಯ ಮನುಷ್ಯ.

ಈ ಮಾತನ್ನು ನಾವು ಗಡಿನಾಡಿನವರು ಸ್ವಲ್ಪ ನಿಧಾನವಾಗಿ ಓದಬೇಕು. ಭಾರತದ ಈ ಪ್ರತಿನಿಧಿ ಎಲ್ಲರನ್ನೂ ಸೇರಿಸಿ ಹುಟ್ಟಿದವನಲ್ಲ. ಒಬ್ಬೊಬ್ಬರನ್ನೇ ಕಳೆಯುತ್ತ ಬಂದಾಗ ಉಳಿದ ಶೇಷ. ಪೇಟ ಹೋಯಿತು, ಮುಂಡಾಸು ಹೋಯಿತು, ಅವುಗಳೊಡನೆ ನುಡಿಯೂ ಹೋಯಿತು. ಬಂಗಾಳಿ ಮಾತಾಡಿದರೆ ಅವನು ಬಂಗಾಳಿಯಾಗುತ್ತಾನೆ, ಕನ್ನಡ ಮಾತಾಡಿದರೆ ಕನ್ನಡಿಗನಾಗುತ್ತಾನೆ. ಎಲ್ಲರವನಾಗಬೇಕಾದರೆ ಬಾಯಿ ಮುಚ್ಚಿರಲೇಬೇಕು. ಅವನ ಮೌನಕ್ಕೆ ಸ್ವಭಾವ ಎಷ್ಟು ಕಾರಣವೋ ಈ ಕಳೆಯುವ ಲೆಕ್ಕವೂ ಅಷ್ಟೇ ಕಾರಣ. ಭಾಷಾವಾರು ಪ್ರಾಂತ್ಯಗಳಿಗಾಗಿ ದೇಶ ಕುದಿಯುತ್ತಿದ್ದ ದಶಕದಲ್ಲೇ, 1956ರ ವಿಂಗಡಣೆಗೆ ಐದು ವರ್ಷ ಮೊದಲು, ಭಾಷೆಯಿಲ್ಲದ ಭಾರತೀಯನೊಬ್ಬ ಮುಖಪುಟಕ್ಕೆ ಬಂದ. ಲಕ್ಷ್ಮಣ್ ಇದನ್ನು ಯೋಚಿಸಿ ಮಾಡಿದರೆಂದು ನಾನು ಹೇಳುವುದಿಲ್ಲ. ಕಲಾವಿದನ ಕೈ ಅವಸರದಲ್ಲಿ ಮಾಡಿದ್ದರಲ್ಲೂ ಕಾಲದ ಮನಸ್ಸು ಇಣುಕುತ್ತದೆ.

ಇನ್ನೊಂದು ಮಾತು. ಚಿತ್ರಕ್ಕೆ ಭಾಷೆಯಿಲ್ಲ, ಆದ್ದರಿಂದ ಲಕ್ಷ್ಮಣ್ ಎಲ್ಲರಿಗೂ ಸೇರಿದವರು ಎಂಬ ವಾದವೊಂದಿದೆ. ಆದರೆ ಆ ಚೌಕದ ಕೆಳಗೆ ಒಂದು ಸಾಲು ಇರುತ್ತಿತ್ತಲ್ಲ, ಅದು ಇಂಗ್ಲಿಷಿನಲ್ಲಿತ್ತು. ಚಿತ್ರದ ಅರ್ಧ ಜೀವ ಆ ಸಾಲಿನಲ್ಲಿತ್ತು. ಮಂತ್ರಿ ಇಂಗ್ಲಿಷ್ ಮಾತಾಡುತ್ತಿದ್ದ, ಕಾರಕೂನ ಇಂಗ್ಲಿಷ್ ಮಾತಾಡುತ್ತಿದ್ದ, ಬರಗಾಲದ ಹಳ್ಳಿಯ ರೈತನೂ ಇಂಗ್ಲಿಷ್ ಮಾತಾಡುತ್ತಿದ್ದ. ಪಂಚೆಯುಟ್ಟವನು ಮಾತ್ರ ಸುಮ್ಮನಿದ್ದ. ಇಂಗ್ಲಿಷ್ ಬಾರದ ನಾರ್ವದ ಒಬ್ಬ ಹಿರಿಯರ ಕೈಗೆ ಆ ಪುಟ ಕೊಟ್ಟರೆ ಅವರಿಗೆ ದಕ್ಕುವುದು ಮೌನಿಯ ಮುಖವೊಂದೇ. ಅವನು ಯಾವುದರ ಮುಂದೆ ಮೌನವಾಗಿದ್ದಾನೆ ಎಂಬುದು ದಕ್ಕುವುದಿಲ್ಲ. ಅಧಿಕಾರಕ್ಕೆ ಭಾಷೆ, ಪ್ರಜೆಗೆ ಮೌನ. ಈ ಹಂಚಿಕೆಯನ್ನು ಲಕ್ಷ್ಮಣ್ ಗೇಲಿ ಮಾಡಿದರು, ನಿಜ. ಆದರೆ ತಮ್ಮ ಚೌಕದೊಳಗೆ ಅದನ್ನು ಮುರಿಯಲಿಲ್ಲ.

ಹೀಗೆಂದ ಮಾತ್ರಕ್ಕೆ ಲಕ್ಷ್ಮಣ್ ಅವರ ಸಾಧನೆ ಕಡಿಮೆಯದೆಂದು ಯಾರೂ ತಿಳಿಯಬಾರದು. ಬ್ರಷ್ಷಿನಿಂದ ಎಳೆದ ಆ ಕಪ್ಪು ಗೆರೆಯ ಬಲ ನಮ್ಮಲ್ಲಿ ಇನ್ನೊಬ್ಬರಿಗೆ ಬಂದದ್ದು ಅಪರೂಪ. ಕಡತದ ರಾಶಿ, ಹೊಂಡ ಬಿದ್ದ ರಸ್ತೆ, ಕುರ್ಚಿಯಲ್ಲಿ ಉಬ್ಬಿ ಕುಳಿತ ಹೊಟ್ಟೆ, ಒಂದೊಂದೂ ನಾವು ಕಂಡದ್ದೇ. ಬಾಹ್ಯಾಕಾಶಕ್ಕೆ ಕಳಿಸಲು ತಕ್ಕ ಮನುಷ್ಯನನ್ನು ವಿಜ್ಞಾನಿಗಳು ಹುಡುಕುವ ಅವರ ಪ್ರಸಿದ್ಧ ಚಿತ್ರವೊಂದಿದೆ. ನೀರು, ಅನ್ನ, ಗಾಳಿ, ಬೆಳಕು ಏನಿಲ್ಲದೆಯೂ ಬದುಕಬಲ್ಲವನು ಬೇಕು. ಅವರು ಬೊಟ್ಟು ಮಾಡಿ ತೋರಿಸುವುದು ಸಾಮಾನ್ಯ ಮನುಷ್ಯನನ್ನು. ಅವನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಇಲ್ಲಿ ಅವನ ಮೌನ ನೂರು ಭಾಷಣಕ್ಕಿಂತ ಹರಿತ. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ದೇಶದ ಬಾಯಿಯನ್ನೇ ಕಟ್ಟಿದಾಗ, ಮೊದಲಿನಿಂದ ಬಾಯಿ ಮುಚ್ಚಿದ್ದ ಈ ಮನುಷ್ಯನಿಗೆ ಬೇರೆಯೇ ಅರ್ಥ ಬಂದಿತು. 1984ರ ಮ್ಯಾಗ್ಸೇಸೆ ಪ್ರಶಸ್ತಿ, 2005ರ ಪದ್ಮವಿಭೂಷಣ ಯೋಗ್ಯರಿಗೇ ಸಂದವು. 1986ರಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ ಲಕ್ಷ್ಮಣ್ ಅವರ ಗೆರೆಗಳು ಕನ್ನಡ ನೆಲಕ್ಕೆ ಮರಳಿ ಬಂದಂತಾಯಿತು. 2003ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ಅವರು ಚಿತ್ರ ಬಿಡಲಿಲ್ಲ. 2015ರ ಜನವರಿ 26ರಂದು, ಗಣರಾಜ್ಯದ ದಿನವೇ, ಪುಣೆಯಲ್ಲಿ ತೀರಿಕೊಂಡರು.

ಮೌನವಲ್ಲದೆ ಬೇರೆ ದಾರಿ ಇತ್ತೇ ಎಂದು ಕೇಳುವವರಿಗೆ ಈ ವಾರ್ಷಿಕದ ಮಲಯಾಳ ಭಾಗದ ಓದುಗರೇ ಉತ್ತರ ಹೇಳಬಲ್ಲರು. ಕೋಟ್ಟಯಂನಲ್ಲಿ 1935ರಲ್ಲಿ ಹುಟ್ಟಿದ ಜಿ. ಅರವಿಂದನ್, ರಬ್ಬರ್ ಬೋರ್ಡಿನ ನೌಕರರಾಗಿದ್ದುಕೊಂಡೇ, 1961ರಿಂದ 1973ರವರೆಗೆ 'ಮಾತೃಭೂಮಿ' ವಾರಪತ್ರಿಕೆಯಲ್ಲಿ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ' ಎಂಬ ಚಿತ್ರಮಾಲೆಯನ್ನು ನಡೆಸಿದರು. 'ಚಿಕ್ಕ ಮನುಷ್ಯರೂ ದೊಡ್ಡ ಲೋಕವೂ' ಎಂದು ಅದರ ಅರ್ಥ. ಅವರು ಸಿನಿಮಾ ನಿರ್ದೇಶಕರಾಗಿ ಲೋಕಪ್ರಸಿದ್ಧರಾದದ್ದು ಆಮೇಲಿನ ಮಾತು. ಆ ಮಾಲೆಯ ರಾಮು ಕೆಲಸವಿಲ್ಲದ, ಓದಿದ ಯುವಕ. ಅವನು ಮಾತಾಡುತ್ತಾನೆ, ಗುರೂಜಿಯೊಡನೆ ಚರ್ಚಿಸುತ್ತಾನೆ, ಪುಸ್ತಕ, ರಾಜಕೀಯ ಎಲ್ಲದರ ಬಗೆಗೂ ಅವನಿಗೊಂದು ಅಭಿಪ್ರಾಯವಿದೆ. ವರ್ಷ ಕಳೆದಂತೆ ಕೆಲಸ ಸಿಕ್ಕುತ್ತದೆ, ಹಣ ಬರುತ್ತದೆ, ಹಳೆಯ ಆದರ್ಶ ಸವೆಯುತ್ತದೆ. ಲಕ್ಷ್ಮಣರ ಮನುಷ್ಯ ಐವತ್ತು ವರ್ಷ ಕೆಡದೆ ಉಳಿದ. ಅರವಿಂದನ್ ಅವರ ಮನುಷ್ಯ ಹದಿಮೂರು ವರ್ಷಗಳಲ್ಲಿ ನಮ್ಮ ಕಣ್ಣೆದುರಿಗೇ ಕೆಟ್ಟ. ಬಾಯಿ ತೆರೆದವನು ಕೆಡಬಲ್ಲ, ತಪ್ಪಬಲ್ಲ, ಆದ್ದರಿಂದ ಬದುಕಬಲ್ಲ. ಮೌನಿಯಾದವನು ತಪ್ಪುವುದಿಲ್ಲ, ಹಾಗೆಯೇ ಬೆಳೆಯುವುದೂ ಇಲ್ಲ. ರಾಮು ಕೇರಳದ ಕೆಳಮಧ್ಯಮ ವರ್ಗದ ಹುಡುಗನೆಂಬುದರಲ್ಲಿ ಅನುಮಾನವೇ ಇಲ್ಲ. ಅಷ್ಟು ಖಚಿತವಾಗಿ ಒಂದು ಊರಿನವನಾದ್ದರಿಂದಲೇ, ಮಲಯಾಳ ಓದಬಲ್ಲ ಕನ್ನಡಿಗನೂ ಅವನಲ್ಲಿ ತನ್ನನ್ನು ಕಾಣುತ್ತಾನೆ.

ಸಮುದ್ರದಾಚೆಯ ಒಂದು ಉದಾಹರಣೆಯನ್ನೂ ಇಲ್ಲಿ ಹೇಳಬೇಕು. ಜಪಾನಿನಲ್ಲಿ ಚಿತ್ರಕತೆಗೆ 'ಮಾಂಗಾ' ಎನ್ನುತ್ತಾರೆ. ಹೊಕುಸಾಯ್ ಎಂಬ ಮಹಾ ಚಿತ್ರಕಾರ 1814ರಿಂದ ಪ್ರಕಟಿಸಿದ ರೇಖಾಚಿತ್ರಗಳ ಪುಸ್ತಕಕ್ಕೂ ಅದೇ ಹೆಸರಿತ್ತು. ಇಂದು ಲೋಕಕ್ಕೆ ತಿಳಿದಿರುವ ದೀರ್ಘ ಮಾಂಗಾದ ರೂಪವನ್ನು ಕಟ್ಟಿದವರಲ್ಲಿ ಮುಖ್ಯರು ಒಸಾಮು ತೆಜುಕಾ. 1928ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಇವರು ಒಸಾಕಾದಲ್ಲಿ ವೈದ್ಯಶಾಸ್ತ್ರ ಓದಿದವರು. ನಮ್ಮ ರಾಶಿಯವರಂತೆ ಡಾಕ್ಟರಿಕೆಗೂ ನಗೆಗೂ ನಂಟು ಕಲ್ಪಿಸಿದವರು ಎನ್ನೋಣ. ಲಕ್ಷ್ಮಣ್ ಟೈಮ್ಸ್ ಸೇರಿದ 1947ರಲ್ಲೇ ತೆಜುಕಾ ಅವರ 'ಹೊಸ ನಿಧಿದ್ವೀಪ' ಪ್ರಕಟವಾಯಿತು. 1952ರಲ್ಲಿ 'ಬಲಶಾಲಿ ಆಟಂ' ಎಂಬ ಯಂತ್ರಬಾಲಕನ ಕಥೆ ಆರಂಭವಾಗಿ 1968ರವರೆಗೆ ನಡೆಯಿತು. ಯುದ್ಧದಲ್ಲಿ ಸುಟ್ಟುಹೋದ ನಾಡಿನ ಮಕ್ಕಳಿಗೆ ಅವರು ಮೌನದ ಪಾಠ ಹೇಳಲಿಲ್ಲ. ಪುಟಗಟ್ಟಲೆ ಮಾತಾಡುವ, ಅಳುವ, ಜಗಳಾಡುವ ಪಾತ್ರಗಳನ್ನು ಕೊಟ್ಟರು. 1972ರಿಂದ 1983ರವರೆಗೆ ಅವರು 'ಬುದ್ಧ'ನ ಕಥೆಯನ್ನು ಬರೆದಾಗ ನಮ್ಮ ಕಪಿಲವಸ್ತುವಿನ ಜನರೆಲ್ಲ ಜಪಾನಿ ಭಾಷೆಯಲ್ಲಿ ಮಾತಾಡಿದರು. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಮಾಂಗಾ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಅದನ್ನು ಇಂಗ್ಲಿಷಿಗೆ ತಂದ ಮೊದಲಿನವರು ಎಷ್ಟೋ ಸಲ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕಿದರು. ಆಗ ಬಲಗೈಯ ಕತ್ತಿ ಎಡಗೈಗೆ ಹೋಯಿತು. ಮುಂದೆ ಓದುಗರೇ ಮೂಲದ ಕ್ರಮಕ್ಕೆ ಒಗ್ಗಿಕೊಂಡರು. ಚಿತ್ರಕ್ಕೂ ಒಂದು ಲಿಪಿಯ ದಿಕ್ಕಿದೆ, ಒಂದು ಭಾಷೆಯ ನಡಿಗೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಭಾಷೆಯನ್ನು ತೊರೆದರೇನೇ ಲೋಕ ನಮ್ಮನ್ನು ಓದುತ್ತದೆ ಎಂಬ ಭಯ ನಿರಾಧಾರವಾದದ್ದು. ತನ್ನ ಭಾಷೆಯಲ್ಲಿ ಗಟ್ಟಿಯಾಗಿ ನಿಂತ ಚಿತ್ರವನ್ನು ಲೋಕ ತಾನೇ ಬಂದು, ಬೇಕಾದರೆ ಪುಸ್ತಕವನ್ನು ಹಿಂದಿನಿಂದ ತೆರೆದಾದರೂ ಓದುತ್ತದೆ.

ಇದನ್ನೆಲ್ಲ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಮನೆಗಳಲ್ಲಿದೆ. ಗಡಿನಾಡ ಕನ್ನಡಿಗನಿಗೆ ಸಾಮಾನ್ಯ ಮನುಷ್ಯನಾಗುವುದು ಬಹಳ ಸುಲಭ. ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಾಗ, ಬಾಯಿ ತೆರೆದರೆ ನಮ್ಮ ತೆಲುಗಿನಲ್ಲಿ ಕನ್ನಡದ ಎಳೆ ಕಾಣುತ್ತದೆಂದು ಸುಮ್ಮನಿರುತ್ತೇವೆ. ರಾಯಚೂರಿಗೆ ಹೋದಾಗ ನಮ್ಮ ಕನ್ನಡದಲ್ಲಿ ತೆಲುಗು, ಉರ್ದು ಇಣುಕುತ್ತವೆಂದು ಅಲ್ಲಿಯೂ ಸುಮ್ಮನಿರುತ್ತೇವೆ. ಬಸ್ಸಿನಲ್ಲಿ ಮಗು ಜೋರಾಗಿ ಕನ್ನಡದಲ್ಲಿ ಏನಾದರೂ ಕೇಳಿದರೆ, "ಸುಮ್ಮನಿರು, ಮನೆಗೆ ಹೋದ ಮೇಲೆ ಹೇಳ್ತೀನಿ" ಎಂದು ತಾಯಿ ಮೆಲ್ಲಗೆ ಗದರುವುದನ್ನು ನಾನು ಒಂದಲ್ಲ, ಹತ್ತು ಸಲ ಕೇಳಿದ್ದೇನೆ. ಆ ತಾಯಿಯದು ತಪ್ಪೆಂದು ಹೇಳಲಾರೆ. ಕೂಸಿನ ಮೇಲೆ ನಾಲ್ಕು ಜನರ ಕಣ್ಣು ಬೀಳಬಾರದೆಂಬ ಕಾಳಜಿ ಅದು. ಆದರೆ ಹೀಗೆ ಸುಮ್ಮನಿರಲು ಕಲಿತ ಮಗು ಮನೆಗೆ ಹೋದ ಮೇಲೂ ಕೇಳುವುದಿಲ್ಲ. ಕನ್ನಡ ಶಾಲೆಯ ಹಾಜರಿ ಪಟ್ಟಿ ತೆಳ್ಳಗಾಗುವುದು ಇಲ್ಲಿಂದಲೇ ಆರಂಭ. ಸರಕಾರದ ಆದೇಶ ಆಮೇಲೆ ಬರುತ್ತದೆ. ನಮ್ಮ ಮೌನವನ್ನು ಹೊರಗಿನವರು ಸಹನೆಯೆಂದು ಹೊಗಳುತ್ತಾರೆ, ಸಾಮಾನ್ಯ ಮನುಷ್ಯನನ್ನು ಹೊಗಳಿದ ಹಾಗೆ. ಅವನದಾದರೋ ಶಾಯಿಯ ಮೌನ, ಅದಕ್ಕೆ ವಯಸ್ಸಾಗುವುದಿಲ್ಲ. ನಮ್ಮ ಮೌನಕ್ಕೆ ಒಂದು ತಲೆಮಾರಿನ ಆಯುಸ್ಸು ಮಾತ್ರ. ಅದಾದ ಮೇಲೆ ಮುಚ್ಚಿದ ಬಾಯಿಯೊಳಗೆ ಭಾಷೆಯೇ ಇರುವುದಿಲ್ಲ.

ಆದ್ದರಿಂದ ಲಕ್ಷ್ಮಣ್ ಅವರಿಂದ ನಾವು ಪಡೆಯಬೇಕಾದದ್ದು ಅವರ ಕಣ್ಣು, ಅವರ ಗೆರೆ, ದೊಡ್ಡವರ ಹೊಟ್ಟೆಯನ್ನು ಇದ್ದಷ್ಟೇ ದೊಡ್ಡದಾಗಿ ಬರೆಯುವ ಧೈರ್ಯ. ಅವರ ಮನುಷ್ಯನ ಮೌನವನ್ನು ಮಾತ್ರ ನಾವು ಆದರ್ಶವೆಂದು ತೆಗೆದುಕೊಳ್ಳಬಾರದು. ಅವರ ಆರಂಭದಲ್ಲೇ ನಮಗೆ ಬೇಕಾದ ಇನ್ನೊಂದು ಮಾದರಿ ಇತ್ತು. ಕೊರವಂಜಿಯೂ ಗಡಿಗಳನ್ನು ದಾಟಿದವಳೇ. ಯಾವ ಸೀಮೆಯಲ್ಲೂ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ. ಪ್ರತಿ ಸೀಮೆಯಲ್ಲೂ ಒಂದು ಹೊಸ ನಾಲಿಗೆಯನ್ನು ಗಳಿಸಿಕೊಂಡಳು. ಸಾಮಾನ್ಯ ಮನುಷ್ಯ ಎಲ್ಲರನ್ನೂ ಕಳೆದು ಎಲ್ಲರವನಾದ, ಅವಳು ಎಲ್ಲವನ್ನೂ ಕೂಡಿಸಿಕೊಂಡು ಎಲ್ಲರವಳಾದಳು. ಮೂರು ಭಾಷೆ ಕೇಳುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಹತ್ತಿರದವಳು ಅವಳೇ.

ಕೊನೆಗೆ ಈ ವಾರ್ಷಿಕದ ಸಂಪಾದಕರಲ್ಲಿ ಒಂದು ಬಿನ್ನಹ. ಕನ್ನಡ ಪುಟಗಳನ್ನು ಕನ್ನಡಿಗರು, ಮಲಯಾಳ ಪುಟಗಳನ್ನು ಮಲಯಾಳಿಗಳು ಓದಿ ಮಡಚಿಡುವುದು ಇಂಥ ಎಲ್ಲ ಸಂಚಿಕೆಗಳ ಹಣೆಬರಹ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಒಂದು ಚಿತ್ರಕತೆಗೆ ಕೊಡಿ. ಗಡಿ ಶಾಲೆಯ ಒಬ್ಬ ಹುಡುಗನೋ ಹುಡುಗಿಯೋ ಅದನ್ನು ಬರೆಯಲಿ. ಅದರೊಳಗಿನ ಜನ ತಮ್ಮ ತಮ್ಮ ಮಾತನ್ನೇ ಆಡಲಿ. ಕಂಡಕ್ಟರ್ ಮಲಯಾಳದಲ್ಲಿ ಕೇಳಲಿ, ಅಜ್ಜಿ ತುಳುವಿನಲ್ಲಿ ಗೊಣಗಲಿ, ಮೊಮ್ಮಗಳು ಕನ್ನಡದಲ್ಲಿ ಉತ್ತರ ಕೊಡಲಿ. ಒಂದು ಲಿಪಿ ಬಾರದವರು ಪಕ್ಕದವರನ್ನು ಕೇಳಿ ಓದಿಕೊಳ್ಳಲಿ. ಹಾಗೆ ಕೇಳುವ ನೆಪದಲ್ಲಾದರೂ ಎರಡು ಮನೆಗಳ ನಡುವೆ ಮಾತು ನಡೆಯುತ್ತದೆ. ನಾರ್ವದಿಂದಲೂ ಅಂಥದೊಂದು ಚಿತ್ರಕತೆಯನ್ನು ಕಳಿಸಲು ನಮ್ಮ ಮಕ್ಕಳನ್ನು ಒಪ್ಪಿಸುವ ಹೊಣೆ ನನ್ನದು.